ಹೊಸ್ತಿಲಿಲ್ಲದ ದಿನಗಳು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟಿನ ಒಡಲು ಸೇರಿ, ಮುಂದೆ ಎರೆನೆಲದ ಸೀಮೆಯನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಮಲಪ್ರಭೆಯು ಸ್ವಭಾವತಃ ಬಡನದಿ. 37.73 ಟಿ.ಎಂ.ಸಿ. ಅಡಿ ನೀರು ಹಿಡಿಯಬಲ್ಲ ಆ ಜಲಾಶಯವು ತುಂಬಿದ ವರ್ಷಗಳನ್ನು ದಂಡೆಯ ಜನ ಬೆರಳು ಮಡಿಚಿ ಎಣಿಸಿ ಹೇಳುತ್ತಾರೆ. ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಈ ನದಿಗೆ ತಿರುಗಿಸಬೇಕೆಂದು 2015ರಲ್ಲಿ ನರಗುಂದದ ರೈತರು ಧರಣಿ ಕುಳಿತದ್ದು ಎಲ್ಲರೂ ಬಲ್ಲ ಸಂಗತಿ. ಒಂದು ಕೊಡ ನೀರಿಗಾಗಿ ಹಂಬಲಿಸಿದ ಆ ಸೀಮೆಯ ಜನರೇ 2009ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ, ಅದೇ ನೀರಿಗೆ ಅಂಜಿ ಮನೆಯನ್ನು ಬಿಟ್ಟು ಓಡಬೇಕಾಯಿತೆಂಬುದು ವಿಧಿಯ ವಿಚಿತ್ರವೆಂದೇ ಹೇಳಬೇಕು.

ಆ ದಂಡೆಯ ಒಂದು ಊರಿನಲ್ಲಿ, ಸಂಸ್ಥೆಯ ಪ್ರೌಢಶಾಲೆಯಲ್ಲಿ ಮೂರು ದಶಕಗಳ ಕಾಲ ಕನ್ನಡ ಕಲಿಸಿದ ಮಾಸ್ತರರೊಬ್ಬರಿದ್ದಾರೆ. ತಮ್ಮ ಹೆಸರು ಅಚ್ಚಾಗುವುದನ್ನು ಅವರು ಬಯಸರು. ಊರ ಜನರಿಗಂತೂ ಅವರು 'ಸರ' ಎಂಬ ಎರಡಕ್ಷರದಿಂದಲೇ ಪರಿಚಿತರು. ಈ ಎರಡು ಮಹಾಪೂರಗಳಲ್ಲಿಯೂ ಅವರು ಶಾಲೆಯ ಆವರಣದಲ್ಲಿಯೇ ಇದ್ದರು. ಮೊದಲ ಸಲ ಮೇಜಿನ ಈಚೆಗೆ, ಎರಡನೆಯ ಸಲ ಮೇಜಿನ ಆಚೆಗೆ. ಈ ನಡುವಿನ ದೂರ ಮೂರು ಮೊಳಕ್ಕಿಂತ ಹೆಚ್ಚಿರಲಿಲ್ಲ. ಆದರೂ ಅದನ್ನು ದಾಟಲು ಅವರಿಗೆ ಹತ್ತು ವರ್ಷ ಬೇಕಾಯಿತು.

2009ರ ಸೆಪ್ಟೆಂಬರ್ ತಿಂಗಳ ಕೊನೆಯ ದಿನಗಳಲ್ಲಿ ಆರಂಭವಾದ ಮಳೆ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕವನ್ನು ಮುಳುಗಿಸಿತು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಮನೆಗಳಿಗೆ ಹಾನಿ ತಟ್ಟಿತು. ದಿಬ್ಬದ ಮೇಲಿದ್ದ ಶಾಲೆಯು ಒಂದೇ ರಾತ್ರಿಯಲ್ಲಿ ಗಂಜಿ ಕೇಂದ್ರವಾಯಿತು. ಅಕ್ಷರ ಅಂದವಾದ ಮಾಸ್ತರರಿಗೆ ಪಟ್ಟಿ ಬರೆಯುವ ಕೆಲಸ ಬಂತು. ಹೆಸರು, ಮನೆಯ ನಂಬರು, ಕುಟುಂಬದ ಜನ, ಕೊಟ್ಟ ಸಾಮಾನು, ಸಹಿ ಅಥವಾ ಹೆಬ್ಬೆಟ್ಟು ಎಂದು ಐದು ಗೆರೆ ಎಳೆದು ಅವರು ಮೂರು ದಿನ ನಿದ್ದೆಗೆಟ್ಟು ಬರೆದರು. ನೀರು ಅವರ ಮನೆಯ ಹೊಸ್ತಿಲವರೆಗೆ ಬಂದು ನಿಂತಿತ್ತು, ಒಳಗೆ ಬಂದಿರಲಿಲ್ಲ. ಈ ಭಾಗ್ಯಕ್ಕೆ ಕೃತಜ್ಞರಾಗಿಯೇ ಅವರು ದುಡಿದರೆಂಬುದರಲ್ಲಿ ಸಂದೇಹವಿಲ್ಲ.

ಆ ಸಾಲಿನಲ್ಲಿ ಕೂಲಿಯ ಮುದುಕಿಯೊಬ್ಬಳು ನಿಂತಿದ್ದಳು. ಅವಳ ಸರದಿ ಬಂದಾಗ ಕಂಬಳಿಯನ್ನು ಮುಂದೆ ಚಾಚಿದರೂ ಅವಳು ಕೈ ನೀಡಲಿಲ್ಲ. ಸೆರಗಿನಲ್ಲಿ ಕೈ ಮುಚ್ಚಿಕೊಂಡು ನೆಲ ನೋಡುತ್ತ ನಿಂತಳು. ಹಿಂದೆ ಜನ ನೂಕುತ್ತಿದ್ದರು.

"ಅಜ್ಜೀ, ಲಗೂ ತಗೋರಿ, ಹಿಂದ ಇನ್ನೂ ಮಂದಿ ಐತಿ" ಎಂದರು ಮಾಸ್ತರರು. ಧ್ವನಿ ತುಸು ಗಡುಸಾಗಿಯೇ ಇತ್ತು. ಅವಳು ತೆಗೆದುಕೊಂಡಳು, ಹೆಬ್ಬೆಟ್ಟು ಒತ್ತಿದಳು, ಹೋದಳು. ಮುದುಕಿಗೆ ಕಿವಿ ಮಂದವಿರಬೇಕೆಂದು ಅವರು ತಿಳಿದರು. ಮುಂದಿನ ಹೆಸರು ಬರೆದರು.

ಆ ಪೂರದ ತರುವಾಯ ಸರಕಾರವು ದಾನಿಗಳ ನೆರವಿನಿಂದ 'ಆಸರೆ' ಎಂಬ ಹೆಸರಿನಲ್ಲಿ ಎತ್ತರದ ನೆಲದ ಮೇಲೆ ಹೊಸ ಬಡಾವಣೆಗಳನ್ನು ಕಟ್ಟಿಸಿತು. ಮನೆಗಳು ಗಟ್ಟಿಯಾಗಿದ್ದರೂ ಚಿಕ್ಕವಾಗಿದ್ದವು. ದನ ಕಟ್ಟಲು ಇಂಬಿಲ್ಲ, ಹೊಲಕ್ಕೆ ದೂರ. ಆದ್ದರಿಂದ ಅನೇಕ ಊರುಗಳಲ್ಲಿ ರೈತಾಪಿ ಜನ ಹೊಳೆಯ ದಂಡೆಯ ಹಳೆಯ ಮನೆಗಳಿಗೇ ಮರಳಿದರು. ಹೊಲವೂ ಇಲ್ಲದ, ದನವೂ ಇಲ್ಲದ ಆ ಮುದುಕಿಯಂಥವರು ಮಾತ್ರ ಮೇಲೆ ಉಳಿದರು. ಊರ ಜನರಿಗೆ ಮೇಲೆ ಹೋಗಲು ಉಪದೇಶ ಮಾಡಿದ ಮಾಸ್ತರರು ತಾವು ಹೋಗಲಿಲ್ಲ. ಹೋಗುವ ಅಗತ್ಯವೂ ಅವರಿಗೆ ಕಾಣಲಿಲ್ಲ. ನೀರು ಹೊಸ್ತಿಲಿಗೆ ಬಂದು ನಿಲ್ಲುತ್ತದೆಂಬುದು ಅವರ ಅನುಭವವಾಗಿತ್ತು.

ಹತ್ತು ವರ್ಷ ಕಳೆದು 2019ನೆಯ ಇಸವಿ ಬಂತು. ಆ ವರ್ಷದ ನಾಗರ ಪಂಚಮಿ ಆಗಸ್ಟ್ 5ರಂದು. ಮಾಸ್ತರರ ಮಗಳು ಎರಡು ವರ್ಷದ ಕೂಸಿನೊಡನೆ ತವರಿಗೆ ಬಂದಿದ್ದಳು. ಉಂಡಿ ಕಟ್ಟಿದ್ದರು, ಪಡಸಾಲೆಯ ತೊಲೆಗೆ ಜೋಕಾಲಿ ಹಾಕಿದ್ದರು. ಅತ್ತ ಪಶ್ಚಿಮ ಘಟ್ಟದಲ್ಲಿ ಮಳೆ ಹಗಲಿರುಳು ಸುರಿಯುತ್ತಿತ್ತು. ಜಲಾಶಯದ ಬಾಗಿಲುಗಳನ್ನು ತೆರೆಯಲಾಯಿತೆಂಬ ಸುದ್ದಿ ಡಂಗುರದಿಂದಲೂ ಮೊಬೈಲಿನಿಂದಲೂ ಬಂತು. "ಹೊಸ್ತಿಲ ದಾಟೂದಿಲ್ಲ" ಎಂದರು ಮಾಸ್ತರರು. ಹಬ್ಬ ಮುಗಿದ ಮೂರನೆಯ ರಾತ್ರಿ ನೀರು ಹೊಸ್ತಿಲು ದಾಟಿತು.

ಮನೆ ಬಿಡಲು ದೊರೆತದ್ದು ಅರ್ಧ ತಾಸಿಗಿಂತ ಕಡಿಮೆ ಸಮಯ. ಆ ಅರ್ಧ ತಾಸಿನಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂಬುದನ್ನು ಯಾವ ಪಾಠಶಾಲೆಯೂ ಕಲಿಸಿಲ್ಲ. ಮಾಸ್ತರರ ಹೆಂಡತಿ ಜಗಲಿಯ ದೇವರನ್ನೂ ತಮ್ಮ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನೂ ಸೆರಗಿಗೆ ಕಟ್ಟಿಕೊಂಡರು. ಮಗಳು ಕೂಸನ್ನು ಎತ್ತಿಕೊಂಡಳು. ಮಾಸ್ತರರು ಆಕಳ ಹಗ್ಗ ಬಿಚ್ಚಿದರು. ಆಮೇಲೆ ಕಪಾಟಿನಿಂದ ಪುಸ್ತಕಗಳ ಒಂದು ಗಂಟನ್ನು ಹೊತ್ತರು. ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಉತಾರಗಳಿದ್ದ ತಗಡಿನ ಟ್ರಂಕು ಅಟ್ಟದ ಕೆಳಗೇ ಉಳಿಯಿತು. ಮುಂದೆ ಆರು ತಿಂಗಳ ಕಾಲ ಅವರು ಪಟ್ಟ ತೊಂದರೆಗಳಲ್ಲಿ ಅರ್ಧದಷ್ಟು ಆ ಟ್ರಂಕಿನ ಮರೆವಿನಿಂದ ಬಂದವು.

ಶಾಲೆಯ ವರಾಂಡದಲ್ಲಿ ಅದೇ ಮೇಜು, ಅದೇ ಸಾಲು. ಪಟ್ಟಿ ಬರೆಯುತ್ತಿದ್ದ ತಲಾಟಿ ಅವರದೇ ಶಿಷ್ಯ. ಗುರುಗಳನ್ನು ಕಂಡು ಎದ್ದು ನಿಂತ. "ಸರ, ನೀವ್ಯಾಕ ಸಾಲಿನ್ಯಾಗ? ಒಳಗ ಬರ್ರಿ" ಎಂದ. ಮಾಸ್ತರರು ಸಾಲು ಬಿಡಲಿಲ್ಲ. ಸರದಿ ಬಂದಾಗ ಅವನು ತಲೆ ತಗ್ಗಿಸಿ ಕೇಳಿದ: "ಮನಿ ನಂಬರ ಹೇಳ್ರಿ ಸರ."

ಮನೆಯ ನಂಬರು ಅವರಿಗೆ ನೆನಪಿತ್ತು. ಆದರೆ ಬಾಯಿಗೆ ಬರಲಿಲ್ಲ. ಇಲ್ಲದ ಮನೆಯ ನಂಬರನ್ನು ಹೇಳುವುದು ತೀರಿಹೋದವರ ವಯಸ್ಸು ಹೇಳಿದಂತೆ ಅನಿಸಿತು. ಕಂಬಳಿ ಮುಂದೆ ಬಂದಾಗ ಅವರ ಕೈ ಪಂಚೆಯ ಮಡಿಕೆಯಲ್ಲಿಯೇ ಉಳಿಯಿತು. ಆ ಗಳಿಗೆಯಲ್ಲಿ ಹತ್ತು ವರ್ಷದ ಹಿಂದಿನ ಮುದುಕಿಯು ಅವರ ಕಣ್ಣ ಮುಂದೆ ಬಂದು ನಿಂತಳು. ಅವಳ ಕಿವಿ ಮಂದವಿರಲಿಲ್ಲವೆಂಬುದು ಅವರಿಗೆ ಆಗ ತಿಳಿಯಿತು.

ಹತ್ತನೆಯ ತರಗತಿಯ ಕೋಣೆಯಲ್ಲಿ ಆರು ಕುಟುಂಬಗಳು ವಾಸಕ್ಕೆ ನಿಂತವು. ಯಾವ ಹಲಗೆಯ ಮುಂದೆ ನಿಂತು ಮಾಸ್ತರರು ಸಂಧಿ ಸಮಾಸಗಳನ್ನು ಬಿಡಿಸಿದ್ದರೋ ಅದೇ ಹಲಗೆಯ ಕೆಳಗೆ ಅವರ ಹಾಸಿಗೆ. ಊಟಕ್ಕೆ ಕೊರತೆ ಇರಲಿಲ್ಲ. ಮಠದಿಂದ ಅನ್ನ-ಸಾರು ಹೊತ್ತು ಹೊತ್ತಿಗೆ ಬರುತ್ತಿತ್ತು. ಸುತ್ತಲಿನ ಊರುಗಳ ಜನ ರೊಟ್ಟಿಯ ಗಂಟುಗಳನ್ನು ಕಳಿಸುತ್ತಿದ್ದರು. ಕಷ್ಟವಿದ್ದದ್ದು ಬೇರೆ ಕಡೆಗೆ. ನೂರಾರು ಹೆಂಗಸರಿಗೆ ಶಾಲೆಯ ಹುಡುಗಿಯರ ನಾಲ್ಕು ಶೌಚಗೃಹಗಳು. ಸ್ನಾನಕ್ಕೆ ಮರೆಯಿಲ್ಲದೆ ಅವರು ನಸುಕಿನ ನಾಲ್ಕಕ್ಕೆ ಏಳಬೇಕಾಗಿತ್ತು. ಕೂಸು ರಾತ್ರಿ ಅತ್ತರೆ ಇಡೀ ಕೋಣೆ ಎಚ್ಚರಗೊಳ್ಳುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ, ಆ ಸೈರಣೆಯೇ ತಾಯಿಗೆ ಬೈಗುಳಕ್ಕಿಂತ ಭಾರವಾಗುತ್ತಿತ್ತು. ಗಂಡ-ಹೆಂಡತಿ ಎರಡು ಮಾತು ಆಡಬೇಕಾದರೆ ಬಯಲಿಗೆ ಹೋಗಬೇಕು. ದಾನದ ಬಟ್ಟೆಗಳ ಗಂಟಿನಲ್ಲಿ ಹೊಸವೂ ಇದ್ದವು, ಗುಂಡಿಯಿಲ್ಲದ ಅಂಗಿಗಳೂ ಇದ್ದವು. ಆಗಸ್ಟ್ 15ರ ಧ್ವಜವಂದನೆಗೆ ಮಾಸ್ತರರು ಮತ್ತೊಬ್ಬರ ಅಳತೆಯ ಅಂಗಿಯನ್ನು ತೊಟ್ಟು, ಎಂದಿನ ಮುಂದಿನ ಸಾಲನ್ನು ಬಿಟ್ಟು ಹಿಂದೆ ನಿಂತರು. ದಾನದ ಬಟ್ಟೆಯನ್ನು ಗಂಟು ಕಟ್ಟುವ ಮೊದಲು ಅದನ್ನು ತಾನು ತೊಟ್ಟು ನಾಲ್ಕು ಜನರ ಮುಂದೆ ನಿಲ್ಲಬಲ್ಲೆನೇ ಎಂದು ದಾನಿಯು ತನ್ನನ್ನು ಕೇಳಿಕೊಳ್ಳುವುದು ಒಳಿತು.

ಇವೆಲ್ಲವನ್ನೂ ಮಾಸ್ತರರ ಹೆಂಡತಿ ನುಂಗಿಕೊಂಡಿದ್ದರು. ಅವರು ಕಣ್ಣೀರು ಹಾಕಿದ್ದು ಒಂದೇ ಸಲ. ರಸ್ತೆ ತೆರವಾದ ಮೇಲೆ ಅಳಿಯ ಬಂದು ಹೆಂಡತಿ-ಕೂಸನ್ನು ಕರೆದೊಯ್ಯಲು ನಿಂತಾಗ, ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದು ಹೇಗೆಂಬ ಸಂಕಟ ಅವರನ್ನು ಹಿಡಿಯಿತು. ತವರಿನಿಂದ ಹೊರಡುವ ಹೆಣ್ಣಿಗೆ ಉಡಿ ತುಂಬದೆ ಕಳಿಸಿದ ಮನೆ ಆ ಸೀಮೆಯಲ್ಲಿ ಇಲ್ಲ. ಮನೆಯೇ ಇಲ್ಲದಿದ್ದರೆ? ಅದೇ ಕೋಣೆಯ ಎದುರು ಗೋಡೆಗೆ ಒಂದು ಮುಸಲ್ಮಾನ ಕುಟುಂಬವಿತ್ತು. ಆ ವರ್ಷದ ಬಕ್ರೀದನ್ನು ಆಗಸ್ಟ್ 12ರಂದು ಅವರು ಆ ಕೋಣೆಯಲ್ಲಿಯೇ ಕಳೆದಿದ್ದರು. ಆ ಮನೆಯ ಹಿರಿಯಳು ಎದ್ದು ಬಂದು ಒಂದು ಕೊಬ್ಬರಿ ಬಟ್ಟಲನ್ನು ಮುಂದಿಟ್ಟಳು. ಪರಿಹಾರದ ಚೀಲದಿಂದ ಐದು ಹಿಡಿ ಅಕ್ಕಿ, ಒಂದು ತುಂಡು ಬೆಲ್ಲ, ಆ ಕೊಬ್ಬರಿ, ಇವಿಷ್ಟೇ ಸೇರಿ ಉಡಿಯಾಯಿತು. ಹಲಗೆಯ ಕೆಳಗೆ ಮಗಳನ್ನು ಪೂರ್ವಕ್ಕೆ ಮುಖ ಮಾಡಿಸಿ ಕೂಡಿಸಿ, ತಾಯಿ ಅಳುತ್ತ ಉಡಿ ತುಂಬಿದಳು.

ನೀರು ಇಳಿದ ದಿನ ಎಲ್ಲರೂ ಓಡೋಡಿ ಊರೊಳಗೆ ಹೋದರು. ಮಾಸ್ತರರ ಮನೆ ನಿಂತೇ ಇತ್ತು. ಅವರಿಗಾದ ಹರ್ಷ ಹೇಳತೀರದು. ಆದರೆ ಮಣ್ಣಿನ ಗೋಡೆಯ ಗುಣವನ್ನು ಬಲ್ಲ ಹಿರಿಯರು ಒಳಗೆ ಕಾಲಿಡಬೇಡಿರೆಂದು ತಡೆದರು. ನೆನೆದ ಗೋಡೆಯು ನೀರು ಒತ್ತಿ ನಿಂತಾಗ ನಿಲ್ಲುತ್ತದೆ. ನೀರು ಸರಿದು ಬಿಸಿಲು ಬಿದ್ದು ಮಣ್ಣು ಬಿರಿಯತೊಡಗಿದಾಗ ಕುಸಿಯುತ್ತದೆ. ಮೂರನೆಯ ದಿನ ಮಧ್ಯಾಹ್ನ, ಅವರ ಕಣ್ಣೆದುರಿಗೇ, ಪಡಸಾಲೆಯ ಗೋಡೆ ಮೆಲ್ಲಗೆ ಕುಳಿತಂತೆ ಕುಸಿದು ಮಾಳಿಗೆಯನ್ನು ತನ್ನೊಡನೆ ಎಳೆದುಕೊಂಡಿತು. ಜೋಕಾಲಿಯ ಹಗ್ಗ ತೊಲೆಗೆ ಸುತ್ತಿಕೊಂಡೇ ಇತ್ತು. ಹಗೇವಿನ ಜೋಳ ಹುಳಿತು ನಾರುತ್ತಿತ್ತು. ಟ್ರಂಕು ಸಿಕ್ಕಿತು, ಒಳಗಿನ ಕಾಗದಗಳು ಒಂದೇ ಮುದ್ದೆಯಾಗಿದ್ದವು.

ತಕ್ಷಣದ ನೆರವೆಂದು ಸರಕಾರವು ಆಗ ಕುಟುಂಬಕ್ಕೆ 10,000 ರೂಪಾಯಿಗಳನ್ನು ಕೊಟ್ಟಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನು ಗೊತ್ತುಪಡಿಸಿತು. ಈ ಮೊತ್ತ ಕಟ್ಟಡದ ಹಂತಗಳಿಗೆ ಅನುಸಾರವಾಗಿ ಕಂತುಗಳಲ್ಲಿ ಬರತಕ್ಕದ್ದು. ಆದರೆ ಕಂತು ಬರಬೇಕಾದರೆ ಪಾಸ್‌ಬುಕ್ಕು ಬೇಕು, ಪಾಸ್‌ಬುಕ್ಕಿಗೆ ಆಧಾರ್ ಬೇಕು, ಮನೆ ತನ್ನದೆಂಬುದಕ್ಕೆ ಉತಾರ ಬೇಕು. ನಿಂತ ಮನೆಯನ್ನು ಯಾರೂ ನಿನ್ನದೇ ಎಂದು ಕೇಳುವುದಿಲ್ಲ. ಬಿದ್ದ ಮೇಲೆ ಅದು ತನ್ನದೆಂದು ಸಿದ್ಧಪಡಿಸಬೇಕಾಗುತ್ತದೆ. ವಿದ್ಯಾವಂತರಾದ ಮಾಸ್ತರರೇ ಇದಕ್ಕಾಗಿ ತಾಲೂಕಿನ ಊರಿಗೆ ಹತ್ತೆಂಟು ಸಲ ಅಲೆದರು. ಹೆಬ್ಬೆಟ್ಟಿನವರ ಪಾಡನ್ನು ಓದುಗರೇ ಊಹಿಸಬಹುದು.

ಇಷ್ಟರಲ್ಲಿ ಇನ್ನೊಂದು ಇಕ್ಕಟ್ಟು ಎದುರಾಯಿತು. ಬರುವ ಸೋಮವಾರದಿಂದ ತರಗತಿಗಳು ಆರಂಭವಾಗಬೇಕೆಂದು ಮುಖ್ಯೋಪಾಧ್ಯಾಯರ ಸೂಚನೆ ಹೊರಟಿತು. ಸೂಚನೆ ನ್ಯಾಯವಾದದ್ದೇ, ಎಸ್.ಎಸ್.ಎಲ್.ಸಿ. ಮಕ್ಕಳ ಪಾಠ ಹದಿನೈದು ದಿನ ಹಿಂದೆ ಬಿದ್ದಿತ್ತು. ಹಗಲು ಅಧ್ಯಾಪಕರ ಕೊಠಡಿಯಲ್ಲಿ ಮಾಸ್ತರರು ಆ ಸೂಚನೆಗೆ ಸಹಿ ಹಾಕಿದರು. ರಾತ್ರಿ ಹತ್ತನೆಯ ತರಗತಿಯ ಕೋಣೆಯಲ್ಲಿ ಅದೇ ಸೂಚನೆಯನ್ನು ಆರು ಕುಟುಂಬಗಳಿಗೆ ಓದಿ ಹೇಳಿದರು. ಕೋಣೆಯನ್ನು ತೆರವು ಮಾಡಿಸಬೇಕಾದವರೂ ಅವರೇ, ತೆರವು ಮಾಡಬೇಕಾದವರೂ ಅವರೇ. ಅಂದು ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಕೆಲವರು ಬಂಧುಗಳ ಮನೆಗೆ, ಕೆಲವರು ತಗಡಿನ ಶೆಡ್ಡಿಗೆ ಎಂದು ಮಾತಾಯಿತು. ಊರಿನಲ್ಲಿ ಬಾಡಿಗೆಗೆ ಕೊಡುವಂಥ ನಿಂತ ಮನೆಗಳೇ ಉಳಿದಿರಲಿಲ್ಲ.

ಮರುದಿನ ಶಾಲೆಯ ಬಾಗಿಲಿಗೆ ಆ ಮುದುಕಿ ಬಂದಳು. ಆಸರೆ ಬಡಾವಣೆಯ ಎರಡು ಕೋಣೆಗಳ ಮನೆಯಲ್ಲಿ ಅವಳೊಬ್ಬಳೇ ಇದ್ದಳು.

"ಸರ, ಒಂದು ಖೋಲಿ ನಿಮಗ, ಒಂದು ನನಗ. ಆಕಳನ್ನ ಮುಂದಿನ ಕಟ್ಟಿ ಹಂತ್ಯಾಕ ಕಟ್ಟೂಣು. ನಡೀರಿ" ಎಂದಳು.

ಮಾಸ್ತರರಿಗೆ ಮಾತು ಹೊರಡಲಿಲ್ಲ. ಹೊತ್ತಾದ ಮೇಲೆ, "ಅವ್ವಾ, ಆಗ ನಾನು ನಿಮಗ ಜೋರ ಮಾಡಿದ್ದೆ" ಎಂದರು. ಅವಳಿಗೆ ಅದು ನೆನಪಿತ್ತೋ ಇಲ್ಲವೋ ತಿಳಿಯದು. "ಗಡಿಬಿಡಿಯಾಗ ಎಲ್ಲಾರೂ ಜೋರ ಮಾಡತಾರ. ಆಕಳ ಹಗ್ಗ ಹಿಡೀರಿ" ಎಂದಷ್ಟೇ ಅಂದಳು.

ಅಂದು ಸಂಜೆ ಅವಳು ಮಾಡಿದ ಕೆಲಸವೊಂದನ್ನು ಮಾಸ್ತರರ ಹೆಂಡತಿ ಈಗಲೂ ನೆನೆದು ಹೇಳುತ್ತಾರೆ. ಬಂದವರನ್ನು ಕೂಡಿಸಿ ಉಣ್ಣಲು ಬಡಿಸಬಹುದಾಗಿತ್ತು. ಅವಳು ಹಾಗೆ ಮಾಡದೆ, ಹಿಟ್ಟಿನ ಡಬ್ಬಿಯನ್ನು ಮುಂದೆ ಸರಿಸಿ, "ಯವ್ವಾ, ನನ್ನ ಕೈಯಾಗ ಕಸುವಿಲ್ಲ. ನಾಕ ರೊಟ್ಟಿ ನೀವ ಬಡೀರಿ" ಎಂದಳು. ಹದಿನೈದು ದಿನ ಅಚ್ಚುಕಟ್ಟಾಗಿ ಉಂಡರೂ ತೀರದಿದ್ದ ಹಸಿವೊಂದು ಆ ನಾಲ್ಕು ರೊಟ್ಟಿ ಬಡಿಯುವಾಗ ತೀರಿತಂತೆ. ಮರುದಿನ ಮುಂಜಾನೆ ಅದೇ ಮುದುಕಿ ಎರಡು ಚೀಲ ಹಿಟ್ಟಿನ ಕೂಲಿಕೆಲಸಕ್ಕೆ ಹೊರಟದ್ದನ್ನು ಕಂಡಾಗ, ಅವಳ ಕೈಯಲ್ಲಿ ಕಸುವಿತ್ತೆಂಬುದು ಅವರಿಗೆ ಗೊತ್ತಾಯಿತು.

ಬಾಡಿಗೆ ಕೊಡಹೋದರೆ ಅವಳು ಒಪ್ಪಲಿಲ್ಲ. "ಬಾಡಗಿ ತಗೊಂಡ್ರ ನಾ ಮಾಲಕಳಾಗತೇನಿ. ನನ್ನ ಪಿಂಚಣಿ ಕಾಗದ ಓದಿ ಹೇಳ್ರಿ, ಸಾಕು" ಎಂದಳು. ಮಾಸ್ತರರು ಅವಳ ಕಾಗದಗಳನ್ನು ಓದಿದರು. ಬರಬರುತ್ತ ಇಡೀ ಬಡಾವಣೆಯ ಕಾಗದಗಳನ್ನು ಓದಿ, ಅರ್ಜಿಗಳನ್ನು ಬರೆದುಕೊಟ್ಟರು. ಕಳೆದುಹೋದ ಪಾಸ್‌ಬುಕ್ಕು, ಉತಾರಗಳ ಸಲುವಾಗಿ ಅವರು ಪಟ್ಟ ಬವಣೆಯೇ ಇತರರಿಗೆ ದಾರಿ ತೋರುವ ವಿದ್ಯೆಯಾಯಿತು. ಸಂಜೆಯಾದರೆ ಕಟ್ಟೆಯ ಮೇಲೆ ಜನ ಕೂಡುತ್ತಿದ್ದರು. ಮನೆಯಿಲ್ಲದ ಮನುಷ್ಯನಿಗೆ ಮತ್ತೆ ಒಂದು ವಿಳಾಸ ಬಂದದ್ದು ಹೀಗೆ.

ಹೊಸ ಮನೆಯ ಅಡಿಪಾಯ ಬಿದ್ದು ಗೋಡೆ ಏಳುವ ಹೊತ್ತಿಗೆ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಬಂತು. ಗೌಂಡಿಗಳು ತಮ್ಮ ಊರಿಗೆ ಹೋದರು, ಕೆಲಸ ನಿಂತಿತು. ಆ ವರ್ಷದ ಮಳೆಗಾಲದಲ್ಲಿ ಮಲಪ್ರಭೆ ಮತ್ತೆ ದಂಡೆ ಮೀರಿತು. ತಗ್ಗಿನ ಮನೆಗಳ ಜನ ಮತ್ತೆ ಶಾಲೆಗೆ ಬಂದರು. ಬಡಾವಣೆಯಿಂದ ಮಾಸ್ತರರು ಇಳಿದು ಬಂದು, ಕೇಳದೆಯೇ, ಹಳೆಯ ಮೇಜಿನ ಮುಂದೆ ಕುಳಿತರು. ಹಾಳೆಯ ಮೇಲೆ ಎಂದಿನ ಐದು ಗೆರೆಗಳನ್ನು ಎಳೆದರು. ತುಸು ಹೊತ್ತು ಯೋಚಿಸಿ ಆರನೆಯದೊಂದು ಗೆರೆಯನ್ನೂ ಎಳೆದು, ಅದರ ನೆತ್ತಿಯ ಮೇಲೆ 'ಬಲ್ಲ ಕೆಲಸ' ಎಂದು ಬರೆದರು.

ಸಾಲಿನಲ್ಲಿ ಬಂದವರು ಆ ಪ್ರಶ್ನೆಗೆ ಮೊದಲು ತಬ್ಬಿಬ್ಬಾದರು. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಒಬ್ಬ ನೇಕಾರ, ಒಬ್ಬ ಬಡಿಗ, ಒಬ್ಬಳು ಹೊಲಿಗೆ ಬಲ್ಲವಳು, ಒಬ್ಬ ವಿದ್ಯುತ್ ತಂತಿಯ ಕೆಲಸದವನು, ಹತ್ತಾರು ಜನ ರೊಟ್ಟಿ ಬಡಿಯುವವರು. ಮಧ್ಯಾಹ್ನದೊಳಗೆ ಬಡಿಗನು ಹೆಂಗಸರ ಸ್ನಾನಕ್ಕೆ ತಗಡಿನ ಮರೆ ಕಟ್ಟಿದ. ಹೊಲಿಗೆಯವಳು ದಾನದ ಅಂಗಿಗಳಿಗೆ ಗುಂಡಿ ಹಚ್ಚಿದಳು. ಅಡುಗೆಯ ಒಲೆ ವಾಸಕ್ಕೆ ಬಂದ ಹೆಂಗಸರ ಕೈಗೆ ಹೋಯಿತು. ಕಂಬಳಿ ಹಂಚುವಾಗ ಮಾಸ್ತರರು ಕುಳಿತಲ್ಲಿಂದ ಚಾಚಲಿಲ್ಲ. ಎದ್ದು ನಿಂತು, ಮೇಜನ್ನು ಸುತ್ತಿ ಬಂದು, ಎರಡೂ ಕೈಯಿಂದ ಕೊಟ್ಟರು. ಇದರಿಂದ ಹೊತ್ತು ಹೆಚ್ಚು ಹಿಡಿಯಿತೆಂಬುದು ನಿಜ.

ಗಂಜಿ ಕೇಂದ್ರವೆಂಬ ಹೆಸರು ಹೋಗಿ ಇತ್ತೀಚಿನ ವರ್ಷಗಳಲ್ಲಿ ಕಾಳಜಿ ಕೇಂದ್ರವೆಂಬ ಹೆಸರು ಬಂದಿದೆ. ಹೆಸರು ಚೆನ್ನಾಗಿದೆ. ಆ ಹೆಸರಿಗೆ ತಕ್ಕಂತೆ ನಡೆಯಲು ದೊಡ್ಡ ಧನವೇ ಬೇಕೆಂದಿಲ್ಲ. ಮಳೆಗಾಲಕ್ಕೆ ಮುಂಚೆ ಶಾಲೆಯಲ್ಲಿ ಸ್ನಾನದ ಮರೆಗಳು ಸಿದ್ಧವಿರಬೇಕು. ದಂಡೆಯ ಪ್ರತಿ ಮನೆಯ ಕಾಗದಪತ್ರಗಳ ಪ್ರತಿಗಳನ್ನು ಶಾಲೆಯ ಮೇಲಂತಸ್ತಿನ ಕಪಾಟಿನಲ್ಲಿ ಜೋಪಾನವಾಗಿಡಬೇಕು. ಬಂದವರನ್ನು ಉಂಡು ಮಲಗುವವರೆಂದು ಎಣಿಸದೆ ಕೈಗೆ ಕೆಲಸ ಕೊಡಬೇಕು. ಈ ಮೂರು ಏರ್ಪಾಡುಗಳನ್ನೂ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಮಾಸ್ತರರ ಮಾತಿನ ಮೇಲೆ ಮಾಡಿಕೊಟ್ಟಿದ್ದಾರೆ. ಅನ್ನವನ್ನಿಕ್ಕುವುದು ದಾಸೋಹದ ಅರ್ಧ. ಉಂಡವನು ತಾನೂ ಇಕ್ಕಬಲ್ಲವನೆಂಬ ನಂಬಿಕೆಯನ್ನು ಅವನಲ್ಲಿ ಉಳಿಸುವುದು ಉಳಿದರ್ಧ.

2021ರಲ್ಲಿ, ನಿವೃತ್ತಿಯ ವರ್ಷದಲ್ಲಿ, ಮಾಸ್ತರರ ಹೊಸ ಮನೆ ಮುಗಿಯಿತು. ನೀರಿನ ಗುರುತಿಗಿಂತ ಮೂರು ಅಡಿ ಎತ್ತರದ ಮೇಲೆ ಹೊಸ್ತಿಲನ್ನು ಕೂಡಿಸಿದ್ದಾರೆ. ಹಳೆಯ ಮನೆಯಲ್ಲಿ ಉಳಿದ ಒಂದೇ ತೊಲೆಯಿಂದ ಅದನ್ನು ಮಾಡಿಸಿದ್ದು. ಪ್ರವೇಶದ ದಿನ ಮೊದಲು ಒಳಗೆ ಯಾರು ಕಾಲಿಡಬೇಕೆಂಬ ಪ್ರಶ್ನೆ ಬಂದಾಗ ದಂಪತಿಗಳಿಬ್ಬರೂ ಬಡಾವಣೆಯ ದಾರಿಯ ಕಡೆಗೆ ನೋಡಿದರು. ಮುದುಕಿ ಬಂದಳು, ಹೊಸ್ತಿಲಿಗೆ ಅರಿಸಿನ ಹಚ್ಚಿದಳು, ಒಳಗೆ ಹೋಗಿ ಕುಳಿತಳು. ಮಾಸ್ತರರ ಹೆಂಡತಿ ಹಿಟ್ಟಿನ ಡಬ್ಬಿಯನ್ನು ಅವಳ ಮುಂದೆ ಸರಿಸಿದರು.

"ಅವ್ವಾ, ಮೊದಲ ರೊಟ್ಟಿ ನೀವ ಬಡೀರಿ" ಎಂದರು.